ಗುಜರಿಯಲ್ಲಿ ನೆಲ ಬಿಟ್ಟ ಕಾರು

ಶನಿವಾರ ಸಂಜೆ ನಾಲ್ಕು ನಲವತ್ತಕ್ಕೆ ಚಾಚಿ ಆ ನೀಲಿ ಕಾರಿನ ಬಾಗಿಲು ಎಳೆದುಕೊಂಡರು.

ಚಾಚಿ ಧಾರವಾಡದ ಕಡೆಯವರು, ಇಲ್ಲಿ ಪರದೇಶದ ಯೂನಿಯನ್ ಸಿಟಿಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟು. ನನ್ನ ಕಾರಿನ ಪಕ್ಕದ ಕನ್ನಡಿ ಒಡೆದಿತ್ತು. ಹಳೇ ಕಾರುಗಳ ಯಾರ್ಡಿಗೆ ಹೋಗಿ ಅದೇ ಮಾಡೆಲ್ಲಿನ ಕನ್ನಡಿ ಬಿಚ್ಚಿಕೊಂಡು ಬರಲು ಹೊರಟಾಗ, "ನಾನೂ ಬರ್ತೀನವ್ವಾ, ಮನ್ಯಾಗ ಕುಂತ ಬ್ಯಾಸರಾಗೇದ" ಎಂದು ಹೊರಟೇಬಿಟ್ಟರು.

ಯಾರ್ಡಿನಲ್ಲಿ ಕಾರುಗಳ ಸಾಲುಗಳ ನಡುವೆ ನಡೆಯುತ್ತ ನಾನು ವಿವರಿಸಿದ್ದೇ ವಿವರಿಸಿದ್ದು. ಎಣ್ಣೆ, ಎಂಜಿನ್ ತಂಪಿಡುವ ಕೂಲೆಂಟು ಮಣ್ಣಿಗೆ ಇಳಿಯದಂತೆ ಮೊದಲೇ ಬಸಿದು ತೆಗೆಯುತ್ತಾರೆ. ನಮ್ಮಂಥವರು ಬೇಕಾದ ಭಾಗ ಬಿಚ್ಚಿಕೊಂಡರೆ ಹೊಸದನ್ನು ಮಾಡುವ ಲೋಹ, ಕರೆಂಟು ಉಳಿಯುತ್ತದೆ. ಕೊನೆಗುಳಿದ ಮೈಯನ್ನು ಜಜ್ಜಿ ಕರಗಿಸಲು ಕಳಿಸುತ್ತಾರೆ.

"ಇದಕ್ಕ ನಮ್ಮೂರಾಗ ಗುಜರಿ ಅಂತಾರ. ನಿಮ್ಮ ಆಫೀಸಿನಾಗ ಏನಂತಾರ?"

"ಸಸ್ಟೇನಬಿಲಿಟಿ, ಚಾಚಿ."

"ಅಯ್ಯ! ಅಷ್ಟು ಉದ್ದ ಹೆಸರ ಹೇಳೂದ್ರಾಗ ಕಾರ ತುಕ್ಕ ಹಿಡೀತದ ತಗೊ."

ಸಂಜೆಯ ಅಸರ್ ನಮಾಜಿನ ಹೊತ್ತಾಗಿತ್ತು. ಮಂಡಿನೋವಿನಿಂದಾಗಿ ಅವರು ಕುಳಿತೇ ನಮಾಜು ಮಾಡುತ್ತಿದ್ದರು. ನಮಾಜಿಗೆ ಮುಖ ಮಾಡಬೇಕಾದ ಕಿಬ್ಲಾದ ದಿಕ್ಕನ್ನು ಫೋನಿನಲ್ಲಿ ನೋಡಿ ಹೇಳಿದೆ. ಸಾಲಿನ ತುದಿಯ ನೀಲಿ ಕಾರೊಂದೇ ಆ ಕಡೆ ಮುಖ ಮಾಡಿ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕುಳಿತು, ಧೂಳೆಂದು ಬಾಗಿಲು ಹಾಕಿಕೊಂಡರು. ಹಿಂದಿನ ಎರಡೂ ಬಾಗಿಲುಗಳ ಒಳಗಿನ ಹಿಡಿಯನ್ನು ಯಾರೋ ನಮ್ಮಂಥವರೇ ಬಿಚ್ಚಿಕೊಂಡು ಹೋಗಿದ್ದರು. ಅದು ಇಬ್ಬರ ಕಣ್ಣಿಗೂ ಬೀಳಲಿಲ್ಲ.

ಆಚೆ ಸಾಲಿನಲ್ಲಿ ಕನ್ನಡಿಯ ಕೊನೆಯ ನಟ್ಟು ತಿರುಗಿಸುತ್ತಿದ್ದೆ. ಫೋರ್ಕ್‌ಲಿಫ್ಟಿನ ಸದ್ದಿಗೆ ತಲೆಯೆತ್ತಿದರೆ ನೀಲಿ ಕಾರು ನೆಲ ಬಿಟ್ಟಿತ್ತು. ಕಿಟಕಿಗೆ ಒತ್ತಿದ ಚಾಚಿಯ ಅಂಗೈ. ಬಾಯಿ ಆಡುತ್ತಿದೆ, ಧ್ವನಿಯಿಲ್ಲ. ಹೊರಟದ್ದು ಜಜ್ಜುವ ಯಂತ್ರದ ಕಡೆಗೆ. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿದ್ದ ಚಾಲಕ ಹಿಂದಕ್ಕೆ ನೋಡುತ್ತ ಗಾಡಿಯನ್ನು ಹಿಮ್ಮುಖವಾಗಿ ಬಿಡುತ್ತಿದ್ದ. ಅವನ ಕಣ್ಣಿಗೆ ಬೀಳಬೇಕಾದರೆ ಅದರ ದಾರಿಗೇ ಅಡ್ಡ ನಿಲ್ಲಬೇಕು. ಓಡಿ ಹೋಗಿ ನಿಂತೆ. ಎರಡೂ ಕಡೆ ಕಾರುಗಳು, ಸರಿಯಲು ಜಾಗವಿಲ್ಲ.

ಬ್ರೇಕು ಬಿತ್ತು. ಕಾರು ಮೇಲೆಯೇ ಒಮ್ಮೆ ತೂಗಿತು.

ಇಳಿಸಿ, ಹೊರಗಿನಿಂದ ಬಾಗಿಲು ತೆಗೆದ ಚಾಲಕ ಅಲ್ಲೇ ನೆಲಕ್ಕೆ ಕುಸಿದ. "ನಮಾಜ ಮುಗಿಸಿ ಸಲಾಮ್ ಹೇಳಿ ನೋಡಿದ್ರ ನಾ ಮ್ಯಾಲ ಹೊಂಟೀನಿ!" ಎಂದರು ಚಾಚಿ, ದುಪಟ್ಟಾ ಸರಿಮಾಡಿಕೊಳ್ಳುತ್ತ. "ನನಗಿರಲಿ, ಮೊದಲ ಅಂವಗ ನೀರ ಕೊಡು."

ಅಂದಿನಿಂದ ಪ್ರತಿ ರಾತ್ರಿ ಕಾರು ತೂಗುತ್ತಿತ್ತು. ಕನಸಿನಲ್ಲಿ ಬ್ರೇಕು ಬೀಳುತ್ತಿರಲಿಲ್ಲ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಯಾರಾದರೂ ಮೀಟಿಂಗ್ ಕೋಣೆಯ ಗಾಜಿನ ಬಾಗಿಲು ಮುಚ್ಚಿದರೆ ಬೆವರುತ್ತಿದ್ದೆ. ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತರೆ ಕೈ ತಾನಾಗಿ ಬಾಗಿಲಿನ ಹಿಡಿ ಹುಡುಕುತ್ತಿತ್ತು. "ಒಳಗಿದ್ದಾಕಿ ನಾನು, ನಿದ್ದಿ ಹೋಗಿದ್ದು ನಿಂದು!" ಎಂದು ಚಾಚಿ ಬೈದರು.

ಮುಂದಿನ ತಿಂಗಳು ಸ್ಯಾನ್ ಹೊಸೆಯಲ್ಲಿ ಅವರ ನೆಂಟರ ಮದುವೆ. ಕಾರು ನಡೆಸುವವನು ಅವರ ಮಗ. ಚಾಚಿ ನನ್ನನ್ನು ಹಿಂದೆ ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ಬಾಗಿಲು ಹಾಕಿದೆ, ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

"ಯಾಕವ್ವಾ, ಗಾಳಿ ಹಾಕಾಕತ್ತೀಯೇನ?"

ಚಾಚಿ ತಮ್ಮ ಕಡೆಯ ಬಾಗಿಲು ತಾವೇ ತೆಗೆದು, ನೋಯುವ ಕಾಲನ್ನು ಹೊರಗಿಟ್ಟು, ಕಷ್ಟಪಟ್ಟು ಪೂರ್ತಿ ಇಳಿದು ನಿಂತರು. "ನೋಡು, ಬಂದೆ" ಎಂದು ಮತ್ತೆ ಹತ್ತಿದರು.

ಹೆಡ್‌ಲೈಟುಗಳ ಸಾಲಿನಲ್ಲಿ ವಾಪಸು ಬರುವಾಗ ಚಾಚಿ ನನ್ನ ಭುಜಕ್ಕೊರಗಿ ಗೊರಕೆ ಹೊಡೆದರು. ಆ ರಾತ್ರಿ ಮಲಗಿದವಳು ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲಿತ್ತು.