ಹಬ್ಬವಿಲ್ಲದವಳು

ಶಿಡ್ಲಘಟ್ಟದ ಆ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ನಾವು ಮೂವರು ಹೆಂಗಸರು ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು: ಚಿಂತಾಮಣಿ ಕಡೆಯ ತೆಲುಗಿನವಳು, ಮುಸ್ಲಿಂ ಮನೆಯ ಹೆಂಗಸೊಬ್ಬಳು, ಬೌದ್ಧರ ಮನೆಯ ನಾನು. ಯಾರಾದರೂ ನೋಡಲು ಬಂದರೆ ಮಾಲೀಕ ತನ್ನ ಹೊಸ ಮೊಬೈಲನ್ನು ನಮ್ಮ ಕಡೆ ಚಾಚಿ, “ಎಲ್ಲಾ ಜಾತಿಯೋರೂ ಇದಾರೆ ಸಾರ್, ಒಂದೇ ಫ್ಯಾಮಿಲಿ ಥರ” ಎಂದು ಬೀಗುತ್ತಿದ್ದ. ಬೀಗದೆ ಏನು? ಒಬ್ಬಳಿಗೆ ಹಬ್ಬವಾದರೆ ಇನ್ನೊಬ್ಬಳಿಗಿಲ್ಲ. ಅವನ ಕಾರ್ಖಾನೆ ನಿಲ್ಲುವುದೇ ಇಲ್ಲ.

ನಮಗೂ ಅನುಕೂಲವಿತ್ತು, ಸುಳ್ಳು ಯಾಕೆ ಹೇಳಲಿ. ತೆಲುಗಿನಲ್ಲೂ ಉರ್ದುವಿನಲ್ಲೂ ಬೈಯಲು ಕಲಿತದ್ದು ಅಲ್ಲೇ. ರಂಜಾನ್ ಮಾರನೇ ದಿನ ಡಬ್ಬಿಯಲ್ಲಿ ಶಾವಿಗೆ ಪಾಯಸ ಬರುತ್ತಿತ್ತು. ಆದರೆ ಬಿಸಿನೀರಿನಲ್ಲಿ ಬೇಯಿಸಿದ ಗೂಡನ್ನು ಅವತ್ತೇ ಬಿಚ್ಚಿ ನೂಲು ತೆಗೆಯಬೇಕು, ಬಿಟ್ಟರೆ ಹಾಳು. ರಜೆ ಹೋದವಳ ಬಿಸಿನೀರಿಗೂ ಉಳಿದವರೇ ಕೈಯಿಡಬೇಕು. ಯುಗಾದಿ, ಹೊಸ್ತೊಡಕು, ರಂಜಾನ್, ಬಕ್ರೀದ್, ಎಲ್ಲಕ್ಕೂ ಕೈ ಬೇಯಿಸಿಕೊಂಡವಳು ನಾನು.

ಒಂದು ವರ್ಷ ಬುದ್ಧ ಪೂರ್ಣಿಮೆಗೆ ನನ್ನ ಮಗಳು ಸ್ಟೇಜ್ ಮೇಲೆ ಹಾಡುವುದಿತ್ತು. ಅಮ್ಮ ಬಂದರೇ ಹಾಡೋದು ಎಂದು ಹಟ ಹಿಡಿದಿದ್ದಳು. ಮಾಲೀಕನನ್ನು ರಜೆ ಕೇಳಿದರೆ, “ಅವರಿಬ್ರೂ ಒಪ್ಕೊಂಡ್ರೆ ಹೋಗು” ಅಂದ.

“ಅದೂ ಒಂದ್ ಹಬ್ಬಾನೇನೇ? ಒಬ್ಬಟ್ಟಿಲ್ಲ, ಬಾಡಿಲ್ಲ!” ತೆಲುಗಿನವಳು ಕಿಸಕ್ಕನೆ ನಕ್ಕಳು.

ಇನ್ನೊಬ್ಬಳು ತಲೆಯೆತ್ತದೆ, “ನಮ್ ಕೈಲಾಗಲ್ಲಮ್ಮ, ಕೈ ಉರೀತದೆ” ಅಂದಳು. ಉರಿಯುತ್ತದಂತೆ! ನನ್ನದೇನು ಕಬ್ಬಿಣದ ಕೈಯಾ?

ಆದರೂ ನಾನು ಹೋದೆ. ಮಗಳು ನಡುವೆ ಸಾಲು ಮರೆತು, ನನ್ನ ಮುಖ ನೋಡಿ, ಮತ್ತೆ ಹಾಡಿದಳು. ಮಾರನೇ ದಿನ ಕೆಲಸಕ್ಕೆ ಬಂದರೆ ನನ್ನ ಜಾಗದಲ್ಲಿ ಹೊಸಬಳೊಬ್ಬಳು ಕೂತಿದ್ದಳು. ನನ್ನ ಜೊತೆಯವರಿಬ್ಬರೂ ಕಂಡೂ ಕಾಣದವರ ಹಾಗೆ ನೂಲು ಎಳೆಯುತ್ತಿದ್ದರು.

ಮುಂದಿನ ವರ್ಷದ ಯುಗಾದಿ ಹತ್ತಿರ ಬಂದಾಗ ತೆಲುಗಿನವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ತಪ್ಪಾಯಿತು ಅನ್ನಲು ಬಂದಿದ್ದಾಳೆ ಅಂದುಕೊಂಡಿತು ನನ್ನ ಹುಚ್ಚು ಮನಸ್ಸು. ಒಳಗೆ ಕರೆದೆ. ಅವಳು ಹೊಸ್ತಿಲು ದಾಟಲಿಲ್ಲ.

“ಹೊಸಬ್ಳೂ ಯುಗಾದಿ ಮಾಡೋಳೇ ಕಣೇ. ಇಬ್ರಿಗೂ ರಜೆ ಕೊಡಲ್ಲ ಅಂತಾವ್ನೆ. ಆವತ್ತೊಂದಿನ ನೀನ್ ಬಂದು ಕೂತ್ಕೊಂಬಿಡು. ನಿಂಗೆ ಹೆಂಗೂ ಹಬ್ಬ ಇಲ್ವಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು.

“ಹಬ್ಬ ನಿಂದು, ಬಿಸಿನೀರು ನಂದಾ? ಹೋಗೇ!” ಎಂದು ಮುಖದ ಮೇಲೆ ಬಾಗಿಲು ಹಾಕಿದೆ.

ಯುಗಾದಿಯ ದಿನ ಅವಳು ಅಳುತ್ತಾ ನೂಲು ತೆಗೆದಳಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.