ಬಾಯಿ ಟಾಕೀಸ್

ಅನುಸೂಯಾ ಮೊದಲಿನಿಂದಲೂ ಅಂಜುಬುರುಕಿ. ಹಲ್ಲಿಗೆ ಅಂಜುತ್ತಿದ್ದಳು, ಲಿಫ್ಟಿಗೆ ಅಂಜುತ್ತಿದ್ದಳು, ಸುಮ್ಮನೆ ಎದುರು ನಿಂತು ಮುಖ ನೋಡುವ ಮನುಷ್ಯರಿಗೆ ಎಲ್ಲಕ್ಕಿಂತ ಹೆಚ್ಚು ಅಂಜುತ್ತಿದ್ದಳು. ಇಂಡಿ ಕಡೆಯ ಹಳ್ಳಿಯಿಂದ ಗಂಡ ಜಟ್ಟೆಪ್ಪನ ಬೆನ್ನು ಹತ್ತಿ ಪುಣೆಗೆ ಬಂದು, ಖರಾಡಿಯಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಗಳ ಬುಡದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿದ ಮೇಲೂ ಆ ಅಂಜಿಕೆ ಅವಳ ಸೆರಗು ಬಿಟ್ಟಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಬೆಲ್ಲ ಕೇಳಬೇಕಾದರೂ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡು ಆಮೇಲೆ ಬಾಯಿ ತೆರೆಯುವವಳು. ಆದರೆ ಕತ್ತಲೆಯಲ್ಲಿ, ಯಾರಿಗೂ ಮುಖ ಕಾಣದ ಕಡೆ, ಅದೇ ಬಾಯಿಗೆ ಕಡಿವಾಣವಿರುತ್ತಿರಲಿಲ್ಲ.

ಇದು ಊರಿಗೆ ಗೊತ್ತಾದದ್ದು ಒಂದು ಗಣಪತಿ ಹಬ್ಬದಲ್ಲಿ. ಶೆಡ್ಡುಗಳ ನಡುವಿನ ಬಯಲಲ್ಲಿ ಎರಡು ಬೊಂಬುಗಳಿಗೆ ಬಿಳಿ ಬಟ್ಟೆ ಕಟ್ಟಿ ಹಳೆಯ ಮರಾಠಿ ಸಿನಿಮಾ ಹಚ್ಚಿದ್ದರು. ಯಂತ್ರ, ಸ್ಪೀಕರು ಎಲ್ಲ ಪ್ರಲ್ಹಾದನದು. ಧಾರವಾಡದವನು, ಚಂದನನಗರದಲ್ಲಿ ಮದುವೆ ಮುಂಜಿಗೆ ಸೌಂಡು ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದ. ಸಿನಿಮಾ ಅರ್ಧಕ್ಕೆ ಬರುವ ಹೊತ್ತಿಗೆ ಸ್ಪೀಕರು ಚಟ್ ಎಂದು ಸುಟ್ಟುಹೋಯಿತು. ಪರದೆಯ ಮೇಲೆ ನಾಯಕ ಸದ್ದಿಲ್ಲದೆ ಓಡಿಬಂದು, ಬಿಳಿ ಸೀರೆಯ ತಾಯಿಯ ತೊಡೆಯ ಮೇಲೆ ಬಿದ್ದು ಸದ್ದಿಲ್ಲದೆ ಅಳತೊಡಗಿದ. ಜನ ಸಿಳ್ಳೆ ಹೊಡೆದು ಬೈಯತೊಡಗಿದರು. ಆಗ ಹೆಂಗಸರು ಕುಳಿತ ಕಡೆಯಿಂದ, ಆ ತಾಯಿಯ ತುಟಿ ಅಲ್ಲಾಡುವುದಕ್ಕೆ ಸರಿಯಾಗಿ, ಒಂದು ದನಿ ಎದ್ದಿತು:

“ಅಳೂದ ಸಾಕ ಮಾಡೋ ಮಗನ! ಮೊದಲ ಕಾಲ ತೊಳಕೊಂಡ ಬಾ. ಈಗಷ್ಟ ಸಾರಿಸೀನಿ ನೆಲಾ!”

ಬಯಲೆಲ್ಲ ಗೊಳ್ಳೆಂದಿತು. ಅಷ್ಟರಲ್ಲಿ ಖಳನಾಯಕ ಕುದುರೆಯ ಮೇಲೆ ಬಂದ. ತಾಯಿ ಬಾಗಿಲಿಗೆ ಬಂದು ಏನೋ ಕೂಗಿದಳು.

“ಬರ್ರಿ ಸಾವಕಾರ್ರ! ಕುದುರಿ ಹೊರಗ ಕಟ್ರಿ. ಲದ್ದಿ ಹಾಕ್ತಂದ್ರ ನೀವ ಬಳೀಬೇಕು, ಮೊದಲ ಹೇಳೀನಿ!”

ಸಿನಿಮಾ ಮುಗಿದಾಗ ಪ್ರಲ್ಹಾದ ಬ್ಯಾಟರಿ ಹಿಡಿದು ಹೆಂಗಸರ ಕಡೆಗೆ ಬಂದ. “ಯಾರ್ರಿ ಅವ್ವಾರ, ಅದು? ಯಾರ ಮಾತಾಡಿದ್ರಿ?” ಎಂದು ಕೇಳಿದ. ಅನುಸೂಯಾ ಸೆರಗು ಮುಖಕ್ಕೆಳೆದುಕೊಂಡು ಪಕ್ಕದ ಶರಣಮ್ಮನ ಬೆನ್ನ ಹಿಂದೆ ಅಡಗಿದಳು. ಶರಣಮ್ಮ ಹಿಂದಕ್ಕೆ ಕೈ ಹಾಕಿ ಅವಳ ರಟ್ಟೆ ಹಿಡಿದೆಳೆದಳು. “ಇಕೀನ ನೋಡ್ರಿ! ಹಗಲೆಲ್ಲಾ ಮೂಗಬಸವಿ, ಕತ್ತಲಾತಂದ್ರ ಕಾಗಿ!”

ಹೀಗೆ ಆ ಮೇಳ ಹುಟ್ಟಿತು. ಪ್ರಲ್ಹಾದ ನಾಯಕರ ದನಿ, ಅನುಸೂಯಾ ಎಲ್ಲ ಹೆಂಗಸರ ದನಿ. ಮೂರನೆಯವನು ರಿಕ್ಷಾ ಓಡಿಸುವ ದತ್ತು, ಅವನು ಮಾತಾಡುತ್ತಿರಲಿಲ್ಲ. ಕುದುರೆಯ ಖುರಪುಟ, ಕಪಾಳಮೋಕ್ಷ, ಮಳೆ, ಬಾಗಿಲು, ಮುದುಕನ ಕೆಮ್ಮು ಎಲ್ಲವನ್ನೂ ತುಟಿಯಲ್ಲೇ ಮಾಡುತ್ತಿದ್ದ. ಸಿನಿಮಾದ ದನಿ ಆರಿಸಿ, ಮೂವರೂ ಪರದೆಯ ಪಕ್ಕದಲ್ಲಿ ಒಂದು ತಗಡಿನ ಮರೆಯ ಹಿಂದೆ, ಜನಕ್ಕೆ ಬೆನ್ನು ಮಾಡಿ ಕೂರುವರು. ಆ ತಗಡು ಅನುಸೂಯಾ ಹಾಕಿದ ಶರತ್ತು. “ನನ್ನ ಮಾರಿ ಯಾರಿಗೂ ಕಾಣಬಾರ್ದು. ಕಂಡ್ರ ನನ್ನ ಬಾಯಿ ಕಟ್ತದ,” ಎಂದಿದ್ದಳು. ಆಟಕ್ಕೆ ಮೊದಲು ದವಡೆಗೆ ಒಂದು ಲವಂಗ ಒತ್ತಿಟ್ಟುಕೊಳ್ಳುತ್ತಿದ್ದಳು. ಅದರ ಖಾರಕ್ಕೆ ನಡುಕ ಇಳಿಯುತ್ತದೆ ಎಂದು ಅವಳ ನಂಬಿಕೆ.

ಬಾಯಿಂದಲೇ ನಡೆಯುವ ಸಿನಿಮಾ, ಅದಕ್ಕೇ ‘ಬಾಯಿ ಟಾಕೀಸ್’ ಎಂದು ಪ್ರಲ್ಹಾದ ಹೆಸರಿಟ್ಟ. ಬೋರ್ಡು ಬರೆಯುವ ಮರಾಠಿ ಪೇಂಟರಿಗೆ, “ಬಾಯಿ ಮ್ಹಣಜೇ ತೋಂಡ,” ಎಂದು ತನ್ನ ಬಾಯಿಯನ್ನೇ ಮುಟ್ಟಿ ತೋರಿಸಿ ಬಂದಿದ್ದ. ಪೇಂಟರು ತಲೆಯಾಡಿಸಿದ್ದ. ಆದರೆ ಬಾಯಿಗೆ ತೋಂಡ ಎನ್ನುವ ಊರಿನವನು ಅವನು. ಅವನ ಭಾಷೆಯಲ್ಲಿ ಬಾಯಿ ಎಂದರೆ ಹೆಂಗಸು. ಕನ್ನಡದವರಿಗೆ ಬರೆಯಲು ಬರುವುದಿಲ್ಲ ಎಂದುಕೊಂಡು ತಾನೇ ಕಾಗುಣಿತ ತಿದ್ದಿದ. ಅಷ್ಟಕ್ಕೇ ಬಿಡದೆ ಮೂಲೆಯಲ್ಲಿ ಮೂಗುತಿ ತೊಟ್ಟ ಹೆಂಗಸಿನ ಮುಖವೊಂದನ್ನೂ ಬರೆದುಕೊಟ್ಟ.

ಬೋರ್ಡು ನೋಡಿ ಪ್ರಲ್ಹಾದ ಹೊಟ್ಟೆ ಹಿಡಿದುಕೊಂಡು ನಕ್ಕ. “ಇರ್ಲಿ ಬಿಡ್ರಿ ಅಕ್ಕಾರ. ಕನ್ನಡದವರಿಗೆ ಬಾಯಿ, ಮರಾಠಿಯವರಿಗೆ ನೀವು. ಒಂದ ಬೋರ್ಡಿನ್ಯಾಗ ಎರಡ ಕೆಲಸ!”

ಅನುಸೂಯಾ ನಗಲಿಲ್ಲ. “ಅಣ್ಣಾರ, ಅಳಿಸ್ರಿ ಅದನ್ನ. ನಾಳೆ ಏನರ ಆದ್ರ ನನ್ನ ಹೆಸರಿಗೇ ಬರ್ತದ.”

“ಏನ ಆಗ್ತದವ್ವಾ, ನಗಸಾಕತ್ತೀವಿ, ಕಳವ ಮಾಡಾಕತ್ತೀವೇನು?”

ಬೋರ್ಡು ಹಾಗೆಯೇ ಉಳಿಯಿತು. ಆ ಬೋರ್ಡಿಗೇ ಅದೃಷ್ಟವಿತ್ತೋ ಏನೋ, ಮರಾಠಿ ಜನ ‘ಬಾಯಿ’ಯನ್ನು ಕೇಳಿಕೊಂಡು ಬರತೊಡಗಿದರು. ಅವಳು ಮರಾಠಿಯಲ್ಲೂ ಬೈದಳು, ಕನ್ನಡದಲ್ಲೂ ಬೈದಳು, ಎರಡೂ ಕೂಡಿಸಿ ಬೈದಾಗ ಜನ ಕುರ್ಚಿಯಿಂದ ಜಾರಿಬಿದ್ದರು. ಶಿರೂರಿನ ಜಾತ್ರೆ ಬಯಲಿನಲ್ಲಿ ಬಿಸಿಲು ಆರುವ ಮೊದಲೇ ಜನ ಚಾಪೆ ಹಾಸಿ ಜಾಗ ಹಿಡಿದರು. ಖರಾಡಿಯ ಆಫೀಸುಗಳ ಹುಡುಗ ಹುಡುಗಿಯರು ಶನಿವಾರದ ಆಟವನ್ನು ಜಾಗವಿಲ್ಲದೆ ನಿಂತೇ ನೋಡಿದರು. ಹಗಲು ಅಂಥದೇ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಅನುಸೂಯಾ ಚಪಾತಿ ಲಟ್ಟಿಸುತ್ತಿದ್ದಳು. ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳುವಾಗ ಅವರು ಬಾಯಿಯ ಮಾತುಗಳನ್ನೇ ಹೇಳಿಕೊಂಡು ನಗುತ್ತಿದ್ದರು. ಅವಳಿಗೆ ಒಳಗೊಳಗೇ ಬೆಲ್ಲ ತಿಂದ ಹಾಗೆ ಆಗುತ್ತಿತ್ತು. ಮರುಕ್ಷಣವೇ ಅಂಜಿಕೆ. ಯಾರಾದರೂ ದನಿ ಗುರುತಿಸಿದರೆ?

ಕೇಡು ಬಂದದ್ದು ಒಂದು ಕೂದಲಿನ ಮಾತಿಗೆ. ಅಭಿಮಾನಿಗಳು ಅಣ್ಣ ಎಂಬರ್ಥದಲ್ಲಿ ‘ಭಾವೂ’ ಎಂದು ಪೂಜೆ ಮಾಡುತ್ತಿದ್ದ ಒಬ್ಬ ನಟನ ಸಿನಿಮಾ. ಹೊಡೆದಾಟಕ್ಕೆ ಹೊರಡುವ ನಾಯಕ ತಾಯಿಯ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಪ್ರಲ್ಹಾದ ನಾಯಕನ ದನಿಯಲ್ಲಿ ಮರಾಠಿಯಲ್ಲಿ ಹೇಳಿದ: ಅವ್ವಾ, ವಿಗ್ಗು ಜಾರುತ್ತಿದೆ, ಸ್ವಲ್ಪ ಹಿಡಿದುಕೋ. ತಾಯಿ ಮಗನ ತಲೆಯ ಮೇಲೆ ಕೈ ಇಟ್ಟಳು. ಅನುಸೂಯಾ ತಡೆಯಿಲ್ಲದೆ ಅಂದಳು: ಬಿಡೋ ರಾಜಾ, ತಲೆಯೂ ಬಾಡಿಗೆಯದೇ ಏನು?

ಪ್ರತಿ ಆಟದಲ್ಲೂ ಆಡುತ್ತಿದ್ದ ಮಾತು. ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಅದೇ ವಾರ ಸುದ್ದಿ ಬಂತು: ಭಾವೂ ಆಸ್ಪತ್ರೆಯಲ್ಲಿದ್ದಾನೆ, ಕ್ಯಾನ್ಸರು, ಔಷಧಕ್ಕೆ ತಲೆಗೂದಲೆಲ್ಲ ಉದುರಿದೆ.

ಅನುಸೂಯಾ ಆ ಸುದ್ದಿಯನ್ನು ಕ್ಯಾಂಟೀನಿನ ಟೀವಿಯಲ್ಲಿ ಕೇಳಿದಳು. ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಉಳಿಯಿತು. ಮೊದಲು ಬಂದದ್ದು ಅಂಜಿಕೆಯಲ್ಲ, ನಾಚಿಕೆ. ಅಂಜಿಕೆ ಆಮೇಲೆ ಬಂತು, ಜನರು ಆ ತುಣುಕಿನ ಕೆಳಗೆ ಬರೆದದ್ದನ್ನು ದತ್ತು ಓದಿ ಹೇಳಿದಾಗ. ಪ್ರಲ್ಹಾದನ ಹೆಸರು ಎಲ್ಲೂ ಇರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಈ ಬಾಯಿ ಯಾರು? ಎಲ್ಲಿದ್ದಾಳೆ?

ಮುಂದಿನ ಶನಿವಾರ ಅವರು ಬಂದರು. ಮಧ್ಯಾಹ್ನದ ಹೊತ್ತು. ಶನಿವಾರದ ಆಟ ನಡೆಯುವ ಬಾಡಿಗೆ ಸಭಾಗೃಹದಲ್ಲಿ ಪ್ರಲ್ಹಾದ ಆಟ ರದ್ದು ಮಾಡಿ ವಯರು ಸುತ್ತುತ್ತಿದ್ದ, ಅನುಸೂಯಾ ಹಿಂದಿನ ವಾರದ ಕಸ ಗುಡಿಸುತ್ತಿದ್ದಳು. ಮೋಟಾರ್‌ಸೈಕಲ್ಲುಗಳ ಸದ್ದು. ಬಾಗಿಲು ದಬ್ಬಿಕೊಂಡು ಎಂಟು ಹತ್ತು ಗಂಡಸರು ಒಳಗೆ ನುಗ್ಗಿದರು. ಒಬ್ಬ ಬೋರ್ಡನ್ನು ಒದ್ದು ಮುರಿದ. ಮೂಗುತಿಯ ಮುಖ ನೆಲಕ್ಕೆ ಬಿತ್ತು.

“ಬಾಯಿ ಕುಠೇ ಆಹೇ?”

ಬಾಯಿ ಎಲ್ಲಿ ಎಂದು ಪ್ರಲ್ಹಾದನ ಅಂಗಿಯ ಕೊರಳಪಟ್ಟಿ ಹಿಡಿದೇ ಕೇಳಿದರು. ಆ ಮಾತು ಮೊದಲು ಆಡಿದವನು ಅವನು. ನಾನೇ ಎನ್ನಬಹುದಿತ್ತು, ಬಾಯಿ ಎಂದರೆ ಹೆಂಗಸಲ್ಲಪ್ಪಾ ಎನ್ನಬಹುದಿತ್ತು, ಊರಿಗೆ ಹೋಗಿದ್ದಾಳೆ ಎಂದಾದರೂ ಅನ್ನಬಹುದಿತ್ತು. ಅವನ ತುಟಿ ಅಲ್ಲಾಡಿತು, ಸದ್ದು ಹೊರಡಲಿಲ್ಲ. ಸ್ಪೀಕರು ಸುಟ್ಟ ಸಿನಿಮಾದ ನಾಯಕನ ಹಾಗೆ ನಿಂತಿದ್ದ.

ಆಗ ಅವರಲ್ಲೊಬ್ಬ ಕಸಬರಿಗೆ ಹಿಡಿದವಳ ಕಡೆ ತಿರುಗಿದ. ಮುಂಗೈ ಮೇಲೆ ಭಾವೂನ ಹೆಸರನ್ನು ಹಚ್ಚೆ ಹಾಕಿಸಿಕೊಂಡವನು. ದನಿ ಮೆತ್ತಗೆ ಮಾಡಿದ. “ಮಾವಶೀ, ಬಾಯಿ ಕುಠೇ ಗೇಲೀ?”

ಚಿಕ್ಕಮ್ಮಾ ಎಂದು ಕರೆದವನ ಮುಖವನ್ನು ಅನುಸೂಯಾ ನೋಡಿದಳು. ಒಂದು ಮಾತು ಹೊರಬಿದ್ದರೆ ಸಾಕು, ದನಿ ಅವಳನ್ನು ಹಿಡಿದುಕೊಡುತ್ತದೆ. ಅವಳು ಬಾಯಿ ತೆರೆದು ಬೆರಳಿನಿಂದ ನಾಲಿಗೆ ತೋರಿಸಿದಳು, ಕೈ ಅಲ್ಲಾಡಿಸಿದಳು, “ಬ್ಯಾ... ಬ್ಯಾ...” ಎಂದಳು. ಕಣ್ಣಲ್ಲಿ ನೀರು ತಾನಾಗಿಯೇ ಬಂತು, ಅದನ್ನು ನಟಿಸಬೇಕಾಗಲಿಲ್ಲ.

“ಮುಕೀ ಆಹೇ ರೇ,” ಎಂದ ಅವನು, ಮೂಕಿ ಕಣೋ, ಎಂದು ಉಳಿದವರಿಗೆ. ಹೋಗುವಾಗ ಅವಳ ಕಾಲಡಿ ಬಿದ್ದಿದ್ದ ಬೋರ್ಡಿನ ಚೂರನ್ನು ಪಕ್ಕಕ್ಕೆ ಸರಿಸಿ, ಚುಚ್ಚಿಕೊಂಡೀಯ ಎಂದು ಸನ್ನೆ ಮಾಡಿ ತೋರಿಸಿದ.

ಪೋಲೀಸರಿಗೆ ಹೇಳಲು ಯಾರೂ ಹೋಗಲಿಲ್ಲ. ಹೋದರೆ ಬಾಯಿ ಯಾರು ಎಂದು ಅವರೂ ಕೇಳುತ್ತಾರಲ್ಲ.

ಆ ದಿನ ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಜಟ್ಟೆಪ್ಪ ಅವಳನ್ನು ಕಾತ್ರಜದಲ್ಲಿದ್ದ ಅವಳ ತಂಗಿ ರೇಣುವಿನ ಮನೆಗೆ ಬಿಟ್ಟುಬಂದ. ಅಲ್ಲಿ ಅವಳು ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತಂದಳು, ಬಸ್ಸಿನಲ್ಲಿ ಹತ್ತು ರೂಪಾಯಿಯ ನೋಟು ಹಿಡಿದು ಕಂಡಕ್ಟರನ ಮುಂದೆ ಸುಮ್ಮನೆ ಕುಳಿತಳು. ಹಿಂದೆ ಮೋಟಾರ್‌ಸೈಕಲ್ಲು ಸದ್ದು ಮಾಡಿದರೆ ಗೋಡೆಗೆ ಅಂಟಿ ನಿಂತಳು. ಮನೆಯೊಳಗೂ ಪಿಸುಮಾತು.

“ಅಕ್ಕಾ, ಕದಾ ಹಾಕೀನಿ, ಕಿಡಕಿ ಹಾಕೀನಿ. ಜೋರ ಮಾತಾಡ್ಲಾ,” ಎಂದು ರೇಣು ಅತ್ತಳು. “ನಿನ್ನ ದನಿ ಕೇಳದನ ಮನಿ ಭಣಾ ಭಣಾ ಅನ್ನಾಕತ್ತದ.”

ಅನುಸೂಯಾ ಗಂಟಲಿಗೆ ಕೈ ಇಟ್ಟು ತಲೆಯಾಡಿಸಿದಳು. ಮೊದಲು ಬೇಡವೆಂದು ಮಾತಾಡುತ್ತಿರಲಿಲ್ಲ. ಈಗೀಗ ಬೇಕೆಂದರೂ ಹೊರಡುತ್ತಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಮೂಕಿಯ ವೇಷ ಹಾಕಿದ್ದೆ, ವೇಷವೇ ನನ್ನನ್ನು ನುಂಗಿತೇ?

ಇತ್ತ ಪ್ರಲ್ಹಾದ ಹೆಸರು ಬದಲಿಸಿ, ತನ್ನ ನಂಟರ ಹುಡುಗಿ ಪೂರ್ವಾಳನ್ನು ಕೂರಿಸಿ ಆಟ ನಡೆಸಿ ನೋಡಿದ. ಹುಡುಗಿ ಕಲಿತವಳು, ದನಿ ಗಂಟೆಯ ಹಾಗಿತ್ತು. ಆದರೆ ಪ್ರತಿ ಮಾತನ್ನೂ ಯಾರಿಗಾದರೂ ನೋವಾದೀತೇ ಎಂದು ತೂಗಿ ತೂಗಿ ಆಡುವ ಹೊತ್ತಿಗೆ ಪರದೆಯ ಮೇಲಿನ ತುಟಿ ಮುಚ್ಚಿರುತ್ತಿತ್ತು. ಜನ ಚದುರಿದರು. ದತ್ತು ಪೂರ್ತಿಯಾಗಿ ರಿಕ್ಷಾಕ್ಕೇ ಮರಳಿದ.

ವರ್ಷ ತಿರುಗಿತು. ಕಟ್ಟಡಗಳು ಮುಗಿದು ಬಣ್ಣ ಬಳಿಯುವ ಹಂತಕ್ಕೆ ಬಂದವು. ದಸರೆಯ ಹೊತ್ತಿಗೆ ಶೆಡ್ಡು ಕೀಳುತ್ತಾರೆಂದು ಸುದ್ದಿ. ಅದು ಆ ಬಯಲಿನ ಕೊನೆಯ ಗಣಪತಿ. ಅನುಸೂಯಾ ಗಂಡನ ಹತ್ತಿರ ಮರಳಿದ್ದಳು. ಸಂಜೆ ಪ್ರಲ್ಹಾದ ಅದೇ ಹಳೆಯ ಯಂತ್ರ ಹೊತ್ತು ಅವಳ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

“ಅಕ್ಕಾರ, ಅವತ್ತ ಬಾಯಿ ನಂದ ಇತ್ರಿ. ತಗೀಲಿಲ್ಲ,” ಎಂದ. “ಮಾತಾಡ್ರಿ ಅನ್ನೂದಿಲ್ಲ. ಸುಮ್ನ ಬಂದ ಕೂಡ್ರಿ, ಸಾಕು.”

ಅವಳು ಹೋಗಿ ತಗಡಿನ ಹಿಂದೆ ಕುಳಿತಳು. ದವಡೆಗೆ ಲವಂಗ ಒತ್ತಿದಳು. ಮೊದಲ ವರ್ಷದ್ದೇ ಸಿನಿಮಾ. ಬಯಲಿನ ಅಂಚಿಗೆ ಒಂದು ನೀರಿನ ಟ್ಯಾಂಕರು ಬಂದು ನಿಂತಿತು. ಚಾಲಕ ಇಳಿದು, ಪೈಪು ಹಚ್ಚಿ, ಪರದೆ ನೋಡುತ್ತ ತಗಡಿನ ಪಕ್ಕಕ್ಕೇ ಬಂದ. ಯಂತ್ರದ ಬೆಳಕು ಅವನ ಮುಂಗೈ ಮೇಲೆ ಬಿತ್ತು. ಭಾವೂ.

ಅನುಸೂಯಾ ತಗಡಿಗೆ ಇನ್ನೂ ಒತ್ತಿ ಕುಳಿತಳು. ಪರದೆಯ ಮೇಲೆ ನಾಯಕ ಓಡಿಬಂದ, ತಾಯಿಯ ತೊಡೆಯ ಮೇಲೆ ಬಿದ್ದ. ತಾಯಿಯ ತುಟಿ ತೆರೆಯಿತು. ಬಯಲು ಉಸಿರು ಹಿಡಿದು ಕಾಯಿತು. ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಪ್ರಲ್ಹಾದ ತಲೆ ತಗ್ಗಿಸಿದ. ಆ ತಾಯಿಯನ್ನು ನೋಡಿ ಅನುಸೂಯಾಗೆ ತಡೆಯಲಾಗದ ಮರುಕ ಬಂತು. ಅಯ್ಯೋ, ಇವಳೂ ನನ್ನ ಹಾಗೆ ಎಷ್ಟು ದಿನದಿಂದ ಬರೀ ತುಟಿ ಬಡಿಯುತ್ತಿದ್ದಾಳೋ. ಹಲ್ಲಿನ ನಡುವೆ ಲವಂಗ ಕಟ್ಟೆಂದು ಮುರಿಯಿತು.

“ಅಳೂದ... ಅಳೂದ ಸಾಕ ಮಾಡೋ ಮಗನ,” ಎಂದಿತು ಒಂದು ಒಡಕು ದನಿ. “ಕಾಲ ತೊಳಕೊಂಡ ಬಾ. ನೆಲಾ ಸಾರಿಸೀನಿ.”

“ಬಂತವ್ವಾ ಕಾಗಿ!” ಎಂದು ಕತ್ತಲೆಯಲ್ಲಿ ಶರಣಮ್ಮ ಕೂಗಿದಳು. ನಗೆ ಎದ್ದಿತು. ಅನುಸೂಯಾ ಕೊನೆಯವರೆಗೂ ಮಾತಾಡಿದಳು, ಪ್ರತಿ ಮಾತಿಗೂ ನಡುಗುತ್ತ.

ಆಟ ಮುಗಿದು ದೀಪ ಹತ್ತಿದಾಗ ಟ್ಯಾಂಕರಿನವನು ತಗಡಿನ ಈಚೆಗೇ ಬಂದು ನಿಂತಿದ್ದ. ಅವಳ ಮುಖವನ್ನೇ ನೋಡಿದ. ಪ್ರಲ್ಹಾದ ಈ ಸಲ ಎದ್ದು ನಡುವೆ ಬಂದ. ಅವನು ಪ್ರಲ್ಹಾದನ ಭುಜದ ಮೇಲಿಂದಲೇ ಕೇಳಿದ:

“ಮಾವಶೀ, ತುಮ್ಹೀ ತರ ಮುಕ್ಯಾ ಹೋತಾ ನಾ?”

ನೀವು ಮೂಕಿಯಾಗಿದ್ದಿರಲ್ಲ. ಅವಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಬ್ಯಾ ಬ್ಯಾ ಎನ್ನಲು ಬರುತ್ತಿತ್ತು. ಕೈ ಇಳಿಸಿದಳು.

“ಹೋತೇ,” ಎಂದಳು. ಆಗಿದ್ದೆ.

ಸಿಟ್ಟೋ, ಇನ್ನೇನೋ, ಅವನ ಮುಖದಲ್ಲಿ ತಿಳಿಯಲಿಲ್ಲ. “ಭಾವೂ ಬರೇ ಝಾಲೇ. ಕೇಸ ಪಣ ಆಲೇ,” ಎಂದು ಹೇಳಿ, ಪೈಪು ಸುತ್ತಿಕೊಂಡು ಟ್ಯಾಂಕರು ಹತ್ತಿದ.

ಜಟ್ಟೆಪ್ಪ ಓಡುತ್ತ ಬಂದ. “ಏನಂದ? ಏನಂದ ಅಂವ?”

ಟ್ಯಾಂಕರಿನ ಕೆಂಪು ದೀಪ ಬಯಲು ದಾಟಿ ರಸ್ತೆಗೆ ಇಳಿಯುವವರೆಗೂ ಅನುಸೂಯಾ ನೋಡುತ್ತ ನಿಂತಳು.

“ಆರಾಮ ಆಗ್ಯಾನಂತ,” ಎಂದಳು. “ಕೂದಲಾ ಬಂದಾವಂತ.”