ಭಾವನ ಅಳತೆ ಪುಸ್ತಕ

ಅಕ್ಕನ ಗಂಡ, ನಮ್ಮ ಭಾವ, ಟೈಲ್ಸ್ ಕೂರಿಸುವ ಮೇಸ್ತ್ರಿ. ಹತ್ತು ವರ್ಷದಿಂದ ಹೊರದೇಶದಲ್ಲಿ ಕೆಲಸ. ಕೂರಿಸಿದ ಒಂದೊಂದು ಟೈಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಪೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಕೂರಿಸುತ್ತಾರೆ. ಯಾವ ಕೋಣೆ, ಎಷ್ಟು ಅಳತೆ, ಯಾವ ತಾರೀಕು, ಎಲ್ಲವನ್ನೂ ಚಿಕ್ಕ ಪುಸ್ತಕದಲ್ಲಿ ಬರೆದಿಡುತ್ತಾರೆ. ನಾಳೆ ಯಾರಾದರೂ ಬಿರುಕು ಬಿಟ್ಟಿದೆ ಎಂದರೆ ಉತ್ತರ ಕೊಡಬೇಕಲ್ಲ.

ತಪ್ಪು ಮಾಡಿದ್ದು ನಾನು. ಆದಾಯ ತೆರಿಗೆ ಕಚೇರಿಯಿಂದ ಅವರ ಹೆಸರಿಗೆ ಬರುತ್ತಿದ್ದ ಲಕೋಟೆಗಳನ್ನು ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದವನು ನಾನೇ. ಇನ್ನೊಬ್ಬರ ಕಾಗದ ಒಡೆಯಬಾರದೆಂದು ಅಪ್ಪ ಕಲಿಸಿದ್ದರು. ಒಡೆಯದೆ ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನ ಮಾಡಿದೆ, ಭಾವನಿಗೆ ಹೇಳುವುದನ್ನೇ ಮರೆತೆ. ಈ ಸಲ ಭಾವ ರಜೆಗೆ ಬಂದು ಪಾಸ್‌ಪೋರ್ಟ್ ನವೀಕರಿಸಲು ಹೋದಾಗ ತೆರಿಗೆ ಕಚೇರಿಯಿಂದ ತಡೆ ಬಿತ್ತು. ತೆರಿಗೆ ಕಟ್ಟುವುದಿಲ್ಲದಿದ್ದರೂ ನೋಟಿಸು ಬಂದ ಮೇಲೆ ಆಯಾ ವರ್ಷದ ವಿವರ ಕೊಡಲೇಬೇಕಂತೆ. ಆರು ವರ್ಷದ್ದು ಬಾಕಿ. ಇಪ್ಪತ್ತು ದಿನದೊಳಗೆ ಭಾವ ವಾಪಸಾಗದಿದ್ದರೆ ಕೆಲಸ ಹೋದಂತೆ.

ಅಕ್ಕ ಡಬ್ಬ ತೆರೆದು ನೋಡಿದಳು. “ಎಂಥಾ ಜೋಪಾನ ಕಣೋ. ಒಂದು ಬೀಗಾನೂ ಹಾಕ್ಬಿಡ್ಬೇಕಿತ್ತು.”

ಡಬ್ಬದ ಸಮೇತ ತೆರಿಗೆ ಕಚೇರಿಗೆ ಹೋದೆವು. ಅಲ್ಲಿನ ಮೇಡಂ ಕೇಳಿದ್ದು ಒಂದೇ: ಯಾವ ವರ್ಷ ಎಷ್ಟು ದಿನ ಊರಲ್ಲಿದ್ದಿರಿ? ಅರ್ಧ ವರ್ಷ ದಾಟಿದ್ದರೆ ಹೊರಗಿನ ಸಂಬಳಕ್ಕೂ ತೆರಿಗೆ. ಹಳೇ ಪಾಸ್‌ಪೋರ್ಟ್ ಸಿಮೆಂಟು ನೀರಿಗೆ ಬಿದ್ದು ಬಂದುಹೋದ ಮುದ್ರೆಗಳು ಅಳಿಸಿದ್ದವು. ದಿನ ಎಣಿಸಲು ಭಾವ ತಾರೀಕು ಬರೆದಿದ್ದ ಅಳತೆ ಪುಸ್ತಕಗಳನ್ನು ಮುಂದಿಟ್ಟರು.

ಆ ಆರರಲ್ಲೊಂದು ವರ್ಷ ಅವರು ಕಾಲು ಮುರಿದುಕೊಂಡು ಏಳು ತಿಂಗಳು ಮನೆಯಲ್ಲಿದ್ದರು. ಆಗ ಬರೆದದ್ದು ಒಂದೇ ಕೋಣೆ: ಸ್ಟೂಲಿನ ಮೇಲೆ ಕೂತು ಟೈಲ್ಸ್ ಹಾಕಿದ ಅಕ್ಕನ ಅಡುಗೆಮನೆ ಗೋಡೆ.

ಕಚೇರಿಗೆ ಬರುವಾಗ ದಾರಿಯಲ್ಲೇ ಹೇಳಿದ್ದೆ. “ಆ ಪುಸ್ತಕ ಕಳ್ದೋಯ್ತು ಅನ್ನಿ ಭಾವ. ಯಾರಪ್ಪನ ಗಂಟು ಹೋಗತ್ತೆ?”

“ಸುಮ್ನಿರಪ್ಪ. ಅಡೀಲಿ ಪೊಳ್ಳು ಬಿಟ್ಟು ಕೂರಿಸಿದ್ದು ಇವತ್ತಲ್ಲ ನಾಳೆ ಸದ್ದು ಮಾಡತ್ತೆ.”

ಆ ಪುಟವನ್ನು ಅವರೇ ತೆಗೆದು ತೋರಿಸಿದರು. ಮೇಡಂ ಎಣಿಸಿದರು. ಐದು ವರ್ಷಕ್ಕೆ ಏನೂ ಇಲ್ಲ, ಆ ಒಂದು ವರ್ಷಕ್ಕೆ ತೆರಿಗೆ, ಮೇಲೆ ದಂಡ. ಮಹಡಿ ಮೇಲೊಂದು ಕೋಣೆ ಕಟ್ಟಬೇಕೆಂದು ಕೂಡಿಟ್ಟದ್ದು ಅಲ್ಲಿಗೆ ಮುಗಿಯಿತು. ನನಗೆ ಪಿತ್ತ ನೆತ್ತಿಗೇರಿತು.

“ಕಾಲು ಮುರ್ಕೊಂಡು ಮಲಗಿದ್ದಕ್ಕೂ ತೆರಿಗೆನಾ?”

“ಮಲಗಿದ್ದಕ್ಕಲ್ಲ, ಉಳಿದ ಐದು ತಿಂಗಳು ದುಡಿದಿದ್ದಕ್ಕೆ,” ಎಂದರು ಮೇಡಂ. ಆಮೇಲೆ ಡಬ್ಬದ ಕಡೆ ನೋಡಿ, “ದಂಡ ಮಾತ್ರ ಕಾಗದ ಮಲಗಿಸಿದ್ದಕ್ಕೆ.”

ಭಾವ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಹದಿನೆಂಟನೇ ದಿನ ಪಾಸ್‌ಪೋರ್ಟ್ ಬಂತು, ಭಾವ ಹೊರಟರು. ಮೊನ್ನೆ ಮತ್ತೊಂದು ಲಕೋಟೆ ಬಂದಾಗ ಅಂಚೆಯವನ ಎದುರೇ ಒಡೆದೆ. ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಎರಡನೇ ಸಾಲಿಗೇ ಭಾವ ತಡೆದರು.

“ತಾಳು, ಪುಸ್ತಕ ತಗೋತೀನಿ.”